ಬೇವಿನ ಮೇಲಿನ ಬಳ್ಳಿ, ಬದುವಿನ ಬೇರು

ತಿಂಗಳುಗಟ್ಟಲೆ ಬಿಡದೆ ಕಾಡುವ ಒತ್ತಡ ರೋಗನಿರೋಧಕ ವ್ಯವಸ್ಥೆಯನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಸೋಂಕನ್ನು ಎದುರಿಸುವ ಕೋಶಗಳು ಮಂದವಾಗುತ್ತವೆ. ಉರಿಯೂತವನ್ನು ತಣಿಸಬೇಕಾದ ಏರ್ಪಾಡೂ ಹಳಿ ತಪ್ಪುತ್ತದೆ. ನಾರಾಯಣಪೇಟೆ ಜಿಲ್ಲೆಯ ಉಟ್ಕೂರ್, ಮಕ್ತಲ್ ಮತ್ತು ಪಕ್ಕದ ಗದ್ವಾಲ ಸೀಮೆಯಲ್ಲಿ ಇಂಥ ಒತ್ತಡದ ಕಾರಣಗಳು ಹಳೆಯವು: ಕೈಕೊಡುವ ಮಳೆ, ಹತ್ತಿಯ ಸಾಲ, ಮಗ್ಗದ ಕೂಲಿ, ಮುಂಬೈ ಬೆಂಗಳೂರುಗಳಿಗೆ ಗುಳೆ. ಅದಕ್ಕೆ ಮದ್ದೆಂದು ಹೇಳುವ ಗಿಡಗಳೂ ಅಷ್ಟೇ ಹಳೆಯವು. 1956ರವರೆಗೆ ರಾಯಚೂರು, ಕಲಬುರಗಿಗಳೊಂದಿಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಈ ನೆಲದಲ್ಲಿ ಪಂಡಿತರ ಆಯುರ್ವೇದವೂ ಹಕೀಮರ ಯುನಾನಿಯೂ ಅಕ್ಕಪಕ್ಕ ಬೆಳೆದವು. ಒಂದೇ ಬೇರು ಇಲ್ಲಿ ಕನ್ನಡ, ತೆಲುಗು, ಉರ್ದು ಮೂರು ಹೆಸರಿನಲ್ಲಿ ಮಾರಾಟವಾಗುತ್ತದೆ.

ಮುಂದಿನ ಸಂವಾದದಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಉಟ್ಕೂರ್ ಕಡೆಯ ಹಿರಿಯ ರೈತ. ಇನ್ನೊಬ್ಬರು ಆಯುರ್ವೇದ ಓದಿ, ಆಧುನಿಕ ಸಂಶೋಧನೆಯನ್ನೂ ಗಮನಿಸುತ್ತಿರುವ ವೈದ್ಯೆ.

ರೈತ: ಒತ್ತಡ ಅಂದ್ರ ಮನಸ್ಸಿಂದು. ಜ್ವರ, ನೆಗಡಿ, ಹುಣ್ಣು ಮೈಯಿಂದು. ಇವೆರಡೂ ಎಲ್ಲಿ ಕೂಡ್ತಾವ ಡಾಕ್ಟರಮ್ಮಾ?

ವೈದ್ಯೆ: ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಎರಡು ಸಣ್ಣ ಗ್ರಂಥಿಗಳಲ್ಲಿ, ಕಾಕಾ. ಅವಕ್ಕೆ ಅಡ್ರಿನಲ್ ಎಂದು ಹೆಸರು. ಚಿಂತೆ, ಹೆದರಿಕೆ ಶುರುವಾದರೆ ಮೆದುಳಿನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಡ್ರಿನಲ್‌ಗಳಿಗೆ ಆಜ್ಞೆ ಹೋಗುತ್ತದೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿ, ಗಾಯ, ಅತಿಶ್ರಮ ಹೀಗೆ ಬಗೆಬಗೆಯ ಕಷ್ಟಕ್ಕೆ ಒಡ್ಡಿ ನೋಡಿದರು. ಕಷ್ಟ ಯಾವುದೇ ಇರಲಿ, ಒಳಗೆ ಕಂಡದ್ದು ಒಂದೇ ಚಿತ್ರ: ಅಡ್ರಿನಲ್ ಊದಿತ್ತು, ಜಠರದಲ್ಲಿ ಹುಣ್ಣಾಗಿತ್ತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತ್ತು. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಬಲಿಯುವುದು ಆ ಥೈಮಸ್‌ನಲ್ಲೇ.

ರೈತ: ಹಂಗಾದ್ರ ಕಾರ್ಟಿಸಾಲೇ ಕಳ್ಳ.

ವೈದ್ಯೆ: ಹಾಗೆ ಹೇಳಲು ಬರುವುದಿಲ್ಲ. ಬೆಳಗ್ಗೆ ನಿಮ್ಮನ್ನು ಎಬ್ಬಿಸುವುದು ಅದೇ. ನಸುಕಿಗೆ ಏರುತ್ತದೆ, ನಡುರಾತ್ರಿಗೆ ಇಳಿಯುತ್ತದೆ. ಉರಿಯೂತ ಮಿತಿ ಮೀರದಂತೆ ತಡೆಯುವುದೂ ಅದೇ. ಅದೇ ಕುಲದ ಕಾರ್ಟಿಸೋನನ್ನು 1948ರಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕೊಟ್ಟರು. ಏಳಲಾರದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಳಿಗೆ ಹೊತ್ತಿನ ಒತ್ತಡ ಕಾವಲು ಕೋಶಗಳನ್ನು ರಕ್ತಕ್ಕೆ ಎಬ್ಬಿಸಿ ತರುತ್ತದೆ, ಅದು ಒಳ್ಳೆಯದೇ. ಒತ್ತಡ ಇಳಿಯದೇ ಉಳಿದಾಗ ಮಾತ್ರ ತೊಂದರೆ.

ರೈತ: ಮೋಟರಿಗೆ ಆಟೋ ಸ್ಟಾರ್ಟರ್ ಕೂಡಿಸಿದಂಗ. 2018ರಾಗ ಇಪ್ಪತ್ನಾಕು ತಾಸು ಕರೆಂಟ್ ಕೊಟ್ಟಾಗ ಸರ್ಕಾರದೋರು ತೆಗೀರಿ ತೆಗೀರಿ ಅಂತ ಬೆನ್ನು ಹತ್ತಿದ್ರು. ಹೊಲಕ್ಕ ನೀರು ಬೇಕಿರಲಿ ಬ್ಯಾಡಿರಲಿ, ಕರೆಂಟ್ ಬಂತಂದ್ರ ತಾನೇ ಓಡ್ತಿತ್ತು. ಬೋರು ಬತ್ತಿ ಹೋಗ್ತಿತ್ತು.

ವೈದ್ಯೆ: ಅಷ್ಟೇ. ಇನ್ನೊಂದು ಮಾತು ಸೇರಿಸಬೇಕು. ಕಾರ್ಟಿಸಾಲ್ ಸದಾ ಸುರಿಯುತ್ತಿದ್ದರೆ ಕಾವಲು ಕೋಶಗಳು ಅದಕ್ಕೆ ಕಿವಿಗೊಡುವುದನ್ನೇ ಬಿಡುತ್ತವೆ. ಆಗ ಉರಿಯೂತ ತಣಿಯುವುದಿಲ್ಲ. ಆದ್ದರಿಂದ ಒತ್ತಡದಲ್ಲಿ ಬೆಂದವರಿಗೆ ನೆಗಡಿಯೂ ಬೇಗ ಹಿಡಿಯುತ್ತದೆ, ಕೀಲುವಾತ, ಸೋರಿಯಾಸಿಸ್‌ನಂಥ ಕಾಯಿಲೆಯೂ ಕೆರಳುತ್ತದೆ. ಒಂದು ಕಡೆ ಬಲ ಕುಂದುತ್ತದೆ, ಇನ್ನೊಂದು ಕಡೆ ಅಂಕೆ ತಪ್ಪುತ್ತದೆ.

ಇದು ಬರೀ ಇಲಿಗಳ ಕಥೆಯಾಗಿ ಉಳಿದಿಲ್ಲ. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 394 ಆರೋಗ್ಯವಂತರ ಒಪ್ಪಿಗೆ ಪಡೆದು ಅವರ ಮೂಗಿಗೆ ನೆಗಡಿಯ ವೈರಸ್ಸನ್ನು, ಹೋಲಿಕೆಗೆಂದು ಬೇರೆ ಕೆಲವರ ಮೂಗಿಗೆ ಬರೀ ಉಪ್ಪುನೀರನ್ನು ಬಿಟ್ಟರು. ವೈರಸ್ ಹೊಕ್ಕವರಲ್ಲಿ ಒತ್ತಡದ ಅಂಕ ಏರಿದಂತೆ ಸೋಂಕು ತಗಲುವ ಪ್ರಮಾಣವೂ ಏರಿತು. 1995ರಲ್ಲಿ ಜಾನಿಸ್ ಕೀಕೋಲ್ಟ್ ಗ್ಲೇಸರ್ ಅವರ ತಂಡ ಮರೆವಿನ ರೋಗಿಗಳ ಆರೈಕೆ ಮಾಡುವ ಹೆಂಗಸರ ತೋಳಿನ ಮೇಲೆ ಸಣ್ಣ ಗಾಯ ಮಾಡಿ, ಅದು ಮಾಯಲು ಹಿಡಿದ ಕಾಲವನ್ನು ಅಳೆಯಿತು. ಅದೇ ವಯಸ್ಸಿನ ಇತರರಿಗಿಂತ ಅವರಿಗೆ ಸುಮಾರು 9 ದಿನ ಹೆಚ್ಚು ಬೇಕಾಯಿತು. ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸರು ಯಾವ ಊರಲ್ಲಿಲ್ಲ? ಒತ್ತಡದ ಮಾತು ಬಂದಾಗಲೆಲ್ಲ ರೈತನ ಸಾಲವಷ್ಟೇ ನೆನಪಾಗುವುದು ಈ ಚರ್ಚೆಗಳ ದೊಡ್ಡ ಕೊರತೆ.

ರೈತ: ನಮ್ಮ ಹಳೇ ವೈದ್ಯರಿಗೆ ಈ ಗ್ರಂಥಿ, ಹಾರ್ಮೋನು ಏನೂ ಗೊತ್ತಿರಲಿಲ್ಲ. ಆದ್ರೂ ಮದ್ದು ಕೊಡ್ತಿದ್ರಲ್ಲ?

ವೈದ್ಯೆ: ಅವರು ಬೇರೆ ದಾರಿಯಲ್ಲಿ ಬಂದರು. ರೋಗದ ಬಲವನ್ನು ಎದುರಿಸುವುದು, ರೋಗ ಹುಟ್ಟದಂತೆ ತಡೆಯುವುದು, ಎರಡನ್ನೂ ಸೇರಿಸಿ ವ್ಯಾಧಿಕ್ಷಮತ್ವ ಎಂದು ಕರೆದರು. ಅದನ್ನು ಕಾಪಾಡುವ ಚಿಕಿತ್ಸೆಗೆ ರಸಾಯನ ಎಂದು ಹೆಸರು. ಚರಕ ಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗುವುದೇ ರಸಾಯನದ ಅಧ್ಯಾಯದಿಂದ; ಚ್ಯವನಪ್ರಾಶದ ವಿಧಾನ ಅಲ್ಲೇ ಇದೆ. ಎಲ್ಲರೂ ಮರೆಯುವ ಒಂದು ಭಾಗವೂ ಅಲ್ಲಿದೆ: ಸತ್ಯ ನುಡಿಯುವವನು, ಸಿಟ್ಟಿಲ್ಲದವನು, ಹಿತಮಿತವಾಗಿ ನಿದ್ದೆ ಎಚ್ಚರಗಳನ್ನು ಇಟ್ಟುಕೊಂಡವನು ಮದ್ದಿಲ್ಲದೆಯೇ ರಸಾಯನದ ಫಲ ಪಡೆಯುತ್ತಾನೆ ಎನ್ನುವ ಆಚಾರ ರಸಾಯನ. ಅದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಬರುವುದಿಲ್ಲವಲ್ಲ, ಅದಕ್ಕೇ ಜಾಹೀರಾತಿನಲ್ಲಿ ಕಾಣುವುದಿಲ್ಲ.

ರೈತ: ಈಗಿನೋರು ಇಂಥ ರಸಾಯನದ ಮದ್ದಿಗೆ ಏನಂತಾರ?

ವೈದ್ಯೆ: ಅಡಾಪ್ಟೋಜೆನ್. 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಟಂಕಿಸಿದ ಪದ. ಯಾವುದೇ ಬಗೆಯ ಕಷ್ಟವನ್ನು ತಾಳುವ ಶಕ್ತಿಯನ್ನು ಹೆಚ್ಚಿಸುವ ವಸ್ತು ಎಂಬ ಅರ್ಥ. ಅವರ ಶಿಷ್ಯ ಇಸ್ರೇಲ್ ಬ್ರೆಖ್‌ಮನ್ ಸೈಬೀರಿಯಾದ ಗಿಡವೊಂದರ ಮೇಲೆ ಪ್ರಯೋಗ ಮಾಡುತ್ತಾ ಹೋದರು. ಭಾರತದ ಗಿಡಗಳಲ್ಲಿ ಈ ಸಾಲಿಗೆ ಸೇರಿಸುವುದರಲ್ಲಿ ನಿಮ್ಮ ಬದುವಿನ ಮೇಲಿರುವ ಗಿಡವೂ ಒಂದು.

ರೈತ: ಹಿರೇಮದ್ದೇನ್ರಿ? ಹಾಳು ಗೋಡಿ ಬದಿಗೆ ಬೆಳೀತದಲ್ಲ, ತೆಲುಗಿನೋರು ಪೆನ್ನೇರು ಅಂತಾರ, ಹಕೀಮರು ಅಸಗಂಧ ಅಂತಿದ್ರು.

ವೈದ್ಯೆ: ಅದೇ, ಅಶ್ವಗಂಧ. ಬದನೆ, ಟೊಮೆಟೊಗಳ ಕುಟುಂಬ. ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ, ಎಲೆ ಕಾಂಡಗಳ ಮೇಲೆ ಬೂದುಬಣ್ಣದ ನವಿರು, ತೆಳ್ಳನೆಯ ಹೊದಿಕೆಯೊಳಗೆ ಕೆಂಪು ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಮದ್ದಿಗೆ ಬೇಕಾದದ್ದು ಬೇರು. ಅದರೊಳಗಿನ ವಿಥನೋಲೈಡ್ ಎಂಬ ರಾಸಾಯನಿಕಗಳ ಗುಂಪೇ ಮುಖ್ಯ ಎಂದು ಈಗ ತಿಳಿಯಲಾಗಿದೆ.

ರೈತ: ಹಂಗಾದ್ರ ಕಿತ್ತು, ಒಣಗಿಸಿ, ಕುಟ್ಟಿಕೊಂಡು ಬಿಟ್ರಾಯ್ತು.

ವೈದ್ಯೆ: ಅವಸರ ಬೇಡ. ತಾನಾಗಿ ಬೆಳೆದ ಗಿಡದ ಬೇರು ನಾರುನಾರು. ಬೆಳೆಯಾಗಿ ಬೆಳೆದದ್ದು ಮುರಿದರೆ ಒಳಗೆ ಬಿಳಿ ಹಿಟ್ಟು ಕಾಣುತ್ತದೆ. ಪೇಟೆಗೆ ಬರುವುದು ಎರಡನೆಯದು, ಹೆಚ್ಚಾಗಿ ಮಧ್ಯಪ್ರದೇಶದ ಮಂದ್‌ಸೌರ್, ನೀಮಚ್ ಕಡೆಯದು. ಜೊತೆಗೆ ನಿಮ್ಮ ಬದು ಹತ್ತಿ ಹೊಲದ್ದು. ಹತ್ತಿಗೆ ಹೊಡೆದ ಕೀಟನಾಶಕ, ಬದುವಿಗೆ ಹೊಡೆದ ಕಳೆನಾಶಕ ಆ ಗಿಡದ ಮೇಲೂ ಬಿದ್ದಿರುತ್ತದೆ.

ರೈತ: ನಾವೇ ಬೆಳೆದ್ರ?

ವೈದ್ಯೆ: ಬೆಳೆಯಬಹುದು. 150ರಿಂದ 180 ದಿನದ ಬೆಳೆ. ನೀರು ನಿಲ್ಲದ ಮರಳು ಮಿಶ್ರಿತ ಕೆಂಪು ನೆಲ ಬೇಕು. ಎರೆಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮಳೆ ಕಡಿಮೆಯಾದರೆ ಅದಕ್ಕೆ ತೊಂದರೆಯಿಲ್ಲ, ಆದ್ದರಿಂದ ಈ ಸೀಮೆಗೆ ಒಗ್ಗುವ ಬೆಳೆ. ಕೊಳ್ಳುವವರು ಯಾರೆಂದು ಖಚಿತ ಮಾಡಿಕೊಳ್ಳದೆ ಬಿತ್ತಿದರೆ ಒತ್ತಡದ ಮದ್ದೇ ಒತ್ತಡ ತರುತ್ತದೆ!

ರೈತ: ಕೆಲಸ ಮಾಡ್ತದ ಅಂಬೋದಕ್ಕ ಸಾಕ್ಷಿ ಏನದ?

ವೈದ್ಯೆ: ನಿಮ್ಮ ಹೈದರಾಬಾದಿನಲ್ಲೇ ನಡೆದ ಪ್ರಯೋಗವೊಂದಿದೆ, 2012ರಲ್ಲಿ ಪ್ರಕಟವಾಯಿತು. ಒತ್ತಡದಿಂದ ಬಳಲುತ್ತಿದ್ದ 64 ಜನರಲ್ಲಿ ಅರ್ಧ ಜನಕ್ಕೆ ಬೇರಿನ ಸಾರ 300 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಉಳಿದವರಿಗೆ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. 60 ದಿನದ ಬಳಿಕ ಸಾರ ತಿಂದವರ ರಕ್ತದಲ್ಲಿ ಕಾರ್ಟಿಸಾಲ್ ಶೇಕಡಾ 28ರಷ್ಟು ಇಳಿದಿತ್ತು. ಒತ್ತಡದ ಅಂಕವೂ ಇಳಿದಿತ್ತು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ನಿದ್ದೆ ಸುಧಾರಿಸಿದ್ದೂ ಕಂಡಿದೆ.

ರೈತ: ಜ್ವರ, ನೆಗಡಿ ಕಡಿಮಿ ಆಯ್ತೇನ್ರಿ?

ವೈದ್ಯೆ: ಅದನ್ನು ಆ ಪ್ರಯೋಗ ಕೇಳಲೇ ಇಲ್ಲ. ಗಮನಿಸಬೇಕಾದ ಜಾಗ ಇದು. ಒತ್ತಡ ಇಳಿಯಿತು ಎಂಬುದಕ್ಕೆ ತಕ್ಕಮಟ್ಟಿನ ಸಾಕ್ಷಿಯಿದೆ. ಒತ್ತಡ ಇಳಿದದ್ದರಿಂದ ಸೋಂಕು ಕಡಿಮೆಯಾಯಿತು ಎಂಬುದು ಊಹೆ; ಸಾಧ್ಯವಿರುವ ಊಹೆ, ಸಿದ್ಧವಾದ ಮಾತಲ್ಲ. ಅಲ್ಲಿ ಕೊಟ್ಟದ್ದು ಸಾಂದ್ರಗೊಳಿಸಿದ ಸಾರ, ಮನೆಯ ಚೂರ್ಣವಲ್ಲ. ಚೂರ್ಣವಾದರೆ ಭಾರತೀಯ ಆಯುರ್ವೇದ ಔಷಧಕೋಶದ ಪ್ರಕಾರ ದಿನಕ್ಕೆ 3ರಿಂದ 6 ಗ್ರಾಂ. ಹಾಲಿನ ಜೊತೆ ಕೊಡುವುದು ರೂಢಿ.

ರೈತ: ಬೇರಿನ ಮದ್ದಿಗೆ ಅಡ್ಡ ಪರಿಣಾಮ ಇಲ್ಲ ಅಂತಾರ.

ವೈದ್ಯೆ: ಅನ್ನುವವರು ಮಾರುವವರು. ಗರ್ಭಿಣಿಯರು ತೆಗೆದುಕೊಳ್ಳಬಾರದು. ಥೈರಾಯ್ಡ್ ಹಾರ್ಮೋನು ಏರಿಸಬಲ್ಲದು, ಆದ್ದರಿಂದ ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಿಗೂ ಇದೇ ಮಾತು. ಅಪರೂಪಕ್ಕೆ ಕಾಮಾಲೆ ಬಂದು ಯಕೃತ್ತು ಕೆಟ್ಟ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ನಮ್ಮ ದೃಷ್ಟಿಗೆ ಅದು ಅತಿಯಾಯಿತು ಅನ್ನಿಸಬಹುದು. ಆದರೆ ಎಲೆಯ ವಿಷಯದಲ್ಲಿ ನಮ್ಮ ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಬೇಡವೆಂದಿದೆ. ಬೇರಿಗಿಂತ ಎಲೆ ಅಗ್ಗ, ಅದಕ್ಕೇ ಕೆಲವರು ಬೆರೆಸುತ್ತಿದ್ದರು.

ಅಶ್ವಗಂಧಕ್ಕೆ ಒತ್ತಡವೇ ಗುರಿ, ಅಮೃತಬಳ್ಳಿ ಹಾಗಲ್ಲ. ಅದರ ಕೆಲಸ ನೇರವಾಗಿ ಕಾವಲು ಕೋಶಗಳ ಮೇಲೆ. ತೆಲುಗಿನಲ್ಲಿ ತಿಪ್ಪತೀಗ, ಹಿಂದಿಯಲ್ಲಿ ಗಿಲೋಯ್. ಹೃದಯಾಕಾರದ ಎಲೆ, ಕಾಗದದಂತೆ ಸುಲಿಯುವ ತೊಗಟೆ, ಕೊಂಬೆಯಿಂದ ದಾರಗಳಂತೆ ಇಳಿಬೀಳುವ ಬೇರು. ಬುಡ ಕಡಿದರೂ ಮೇಲಿನ ತುಂಡು ಸಾಯದೆ ಗಾಳಿಯಲ್ಲೇ ಬೇರು ಬಿಟ್ಟು ನೆಲ ಮುಟ್ಟುತ್ತದೆ. ಬೇವಿನ ಮೇಲೆ ಹಬ್ಬಿದ್ದು ಉತ್ತಮವೆಂದು ಕನ್ನಡ ತೆಲುಗು ಸೀಮೆಗಳೆರಡರಲ್ಲೂ ನಂಬಿಕೆ. ಬೇವಿಗೆ ಬರವಿಲ್ಲದ ಉಟ್ಕೂರ್ ಬಯಲಿನಲ್ಲಿ ಬೇರೆ ಮರದ ಮೇಲಿನದನ್ನು ಹುಡುಕುವ ಪ್ರಮೇಯವೇ ಕಡಿಮೆ.

ರೈತ: ಕೊರೊನಾ ಟೈಮಿನ್ಯಾಗ ಎಲ್ಲರ ಮನ್ಯಾಗೂ ಅದರ ಕಷಾಯ ಕುದೀತಿತ್ತು.

ವೈದ್ಯೆ: ಕುದಿಯಿತು, ತಿಂಗಳುಗಟ್ಟಲೆ ಕುಡಿದರು. 2020ರ ಕೊನೆಯಲ್ಲಿ ಮುಂಬೈಯ ವೈದ್ಯರ ಬಳಿಗೆ ಅದನ್ನು ಕುಡಿದು ಯಕೃತ್ತು ಊದಿಸಿಕೊಂಡ 6 ಜನ ಬಂದರು. 2022ರಲ್ಲಿ ದೇಶದ 13 ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ಹಲವರಲ್ಲಿ ಕಂಡದ್ದು ವಿಷದ ಲಕ್ಷಣವಲ್ಲ; ತನ್ನ ಯಕೃತ್ತನ್ನು ತನ್ನ ಕಾವಲು ಕೋಶಗಳೇ ಕಚ್ಚುವ ಕಾಯಿಲೆಯ ಲಕ್ಷಣ.

ರೈತ: ಸರ್ಕಾರ ಒಪ್ಪಿತೇನ್ರಿ?

ವೈದ್ಯೆ: ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜನ ತಪ್ಪಾಗಿ ಬೇರೆ ಬಳ್ಳಿ ತಿಂದಿರಬಹುದು ಎಂದಿತು. ಕ್ರಿಸ್ಪಾ ಎಂಬ ದಾಯಾದಿ ಬಳ್ಳಿ ನಿಜಕ್ಕೂ ಇದೆ. ಅದರ ಕಾಂಡದ ತುಂಬ ಒತ್ತೊತ್ತಾಗಿ ಗುಳ್ಳೆಗಳಿರುತ್ತವೆ. ಗುರುತು ತಪ್ಪುವುದು ಸಾಧ್ಯ. ಆದರೆ ಎಲ್ಲ ಪ್ರಕರಣಗಳನ್ನೂ ಹಾಗೆ ತಳ್ಳಿಹಾಕುವುದು ಕಷ್ಟ. ಅಮೃತಬಳ್ಳಿಯ ಬಹುಶರ್ಕರಗಳು ಕಾವಲು ಕೋಶಗಳನ್ನು ಎಚ್ಚರಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ನಾವು ಹೊಗಳುವುದೂ ಅದಕ್ಕೇ. ಎಚ್ಚರಿಸಬಲ್ಲದ್ದು ಕೆರಳಿಸಲೂ ಬಲ್ಲದು.

ರೈತ: ಹಂಗಾದ್ರ ಯಾರು ಕುಡೀಬೇಕು, ಯಾರು ಬಿಡಬೇಕು?

ವೈದ್ಯೆ: ಕೀಲುವಾತ, ಲೂಪಸ್, ಸೋರಿಯಾಸಿಸ್‌ನಂಥ, ಕಾವಲು ಕೋಶಗಳೇ ಮೈಯನ್ನು ಕಚ್ಚುವ ಕಾಯಿಲೆ ಇದ್ದವರು, ಅಂಗ ಕಸಿ ಮಾಡಿಸಿಕೊಂಡವರು, ಯಕೃತ್ತಿನ ಕಾಯಿಲೆ ಇದ್ದವರು ಬಿಡಬೇಕು. ಮನೆಯಲ್ಲಿ ಇಂಥ ಕಾಯಿಲೆ ವಂಶವಾಗಿ ಬಂದಿದ್ದರೂ ಜಾಗ್ರತೆ ಬೇಕು. ಹಳೆಯ ಪದ್ಧತಿಯಲ್ಲೂ ಅದು ದಿನನಿತ್ಯದ ಪಾನೀಯವಾಗಿರಲಿಲ್ಲ. ಜ್ವರಕ್ಕೆಂದು, ಇಷ್ಟು ದಿನ ಎಂದು ಲೆಕ್ಕ ಹಾಕಿ ಕೊಡುತ್ತಿದ್ದರು. ಔಷಧಕೋಶದಲ್ಲಿ ಕಾಂಡದ ಪುಡಿ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಎಂದಿದೆ. ವಾಟ್ಸಾಪಿನಲ್ಲಿ ಬಂದ ಅಳತೆಗಿಂತ ಅದು ಮೇಲು.

ರೈತ: ತುಳಸಿಗೂ ಇಷ್ಟೆಲ್ಲ ಹೆದರಬೇಕೇನ್ರಿ?

ವೈದ್ಯೆ: ಇಷ್ಟಿಲ್ಲ. ದೆಹಲಿಯ ಏಮ್ಸ್‌ನವರು 24 ಆರೋಗ್ಯವಂತರಿಗೆ ನಾಲ್ಕು ವಾರ 300 ಮಿಲಿಗ್ರಾಂ ಎಲೆಯ ಸಾರ ಕೊಟ್ಟು ನೋಡಿ, ಕೆಲವು ಕಾವಲು ಕೋಶಗಳು ಹೆಚ್ಚಿದ್ದನ್ನು 2011ರಲ್ಲಿ ವರದಿ ಮಾಡಿದರು. ಚಿಕ್ಕ ಪ್ರಯೋಗ. 2020ರಲ್ಲಿ ಸರ್ಕಾರ ಹೇಳಿದ ಆಯುಷ್ ಕಷಾಯ ತುಳಸಿ, ದಾಲ್ಚಿನ್ನಿ, ಒಣಶುಂಠಿ, ಮೆಣಸಿನದು. ಗಂಟಲಿಗೆ ಹಿತ. ಖಾಲಿ ಹೊಟ್ಟೆಗೆ ದಿನಕ್ಕೆ ಐದಾರು ಬಾರಿ ಕುಡಿದು ಹುಣ್ಣು ಮಾಡಿಕೊಳ್ಳಬಾರದು, ಅಷ್ಟೇ.

ರೈತ: ನೆಲ್ಲಿ?

ವೈದ್ಯೆ: ತಿನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ನೆಲ್ಲಿಯಲ್ಲಿ ಸುಮಾರು 250 ಮಿಲಿಗ್ರಾಂ ಸಿ ವಿಟಮಿನ್ ಇದೆ. ಪೇರಲದಲ್ಲೂ 200ರ ಮೇಲಿದೆ. ಯಾವುದು ಅಗ್ಗವೋ ಅದು.

ರೈತ: ಕಾಲುವಿ ಬದಿಗೆ ಒಂದೆಲಗ ಅದ.

ವೈದ್ಯೆ: ಚರಕ ಬುದ್ಧಿಗೆ ಹೇಳಿದ ನಾಲ್ಕು ರಸಾಯನಗಳಲ್ಲಿ ಅದೊಂದು, ಅಮೃತಬಳ್ಳಿಯೂ ಆ ನಾಲ್ಕರಲ್ಲಿದೆ. ಒಂದೆಲಗ ಚಟ್ನಿಗೆ ಚೆನ್ನ. ಆದರೆ ಗದ್ದೆಯ ಔಷಧಿ, ಊರಿನ ಗಟಾರ ಎರಡೂ ಸೇರುವ ಕಾಲುವೆಯದ್ದು ಬೇಡ. ಕುಂಡದಲ್ಲಿ ಬೆಳೆಸಿ.

ಕಿತ್ತು ತರುವುದಕ್ಕಿಂತ ಕೊಂಡು ತರುವುದೇ ಸುರಕ್ಷಿತವೆಂದು ಹೇಳಲೂ ಬರುವುದಿಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದು ಪರೀಕ್ಷಿಸಿದ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹಳ್ಳಿ ಪೇಟೆಗಳಲ್ಲಿ ಅಪಾಯ ಬೇರೆಯದು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಮಾರುವ, ಹೆಸರು ಚೀಟಿಯಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಹಲವು ಬಾರಿ ಪತ್ತೆಯಾಗಿದೆ.

ರೈತ: ಅಂಥ ಪುಡಿ ತಿಂದ ಎರಡೇ ದಿನಕ್ಕ ಮೈ ಹಗುರ ಆಗ್ತದ, ಹಸಿವಿ ಬರ್ತದ.

ವೈದ್ಯೆ: ಆ ಹಗುರವೇ ಗುರುತು. ಸ್ಟಿರಾಯ್ಡ್ ಅಂದರೆ ಕಾರ್ಟಿಸಾಲ್‌ನ ಕೃತಕ ದಾಯಾದಿ. ಒತ್ತಡದಿಂದ ಹೆಚ್ಚಿದ ಕಾರ್ಟಿಸಾಲ್ ಇಳಿಸಲೆಂದು ಹೋಗಿ ಅದನ್ನೇ ಚಮಚದಲ್ಲಿ ನುಂಗಿದಂತಾಯಿತು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಸುಲಭವಾಗಿ ಒಳಹೊಗುತ್ತದೆ. ತಿಂಗಳುಗಟ್ಟಲೆ ತಿಂದು ಒಮ್ಮೆಗೇ ಬಿಟ್ಟರೆ ಜೀವಕ್ಕೇ ಕುತ್ತು. ವೈದ್ಯರ ಬಳಿ ಹೋಗಿ ಮೆಲ್ಲಗೆ ಇಳಿಸಿಕೊಳ್ಳಬೇಕು. ಗಿಡಮೂಲಿಕೆ ಎರಡು ದಿನಕ್ಕೆ ಪವಾಡ ಮಾಡುವುದಿಲ್ಲ. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ್ದನ್ನು ಕೊಳ್ಳಬೇಡಿ.

ರೈತ: ಇಷ್ಟೆಲ್ಲ ಕೇಳಿದ ಮ್ಯಾಲೆ ಗಿಡಕ್ಕಿಂತ ಊಟಾನೇ ದೊಡ್ಡದು ಅನಿಸ್ತದ.

ವೈದ್ಯೆ: ಅದಕ್ಕೆ ಗಿಡಗಳಿಗಿಂತ ಗಟ್ಟಿ ಸಾಕ್ಷಿ ಇದೆ. ಝಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ಹೆಚ್ಚಿನ ದವಸ, ಬೇಳೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇಷ್ಟು ಮಾಡಿದ ಮೂಲಿಕೆ ಇನ್ನೂ ಯಾವುದೂ ಇಲ್ಲ.

ಕ್ಷಯದ ಮಾತು ಇಲ್ಲಿ ಬಂದದ್ದು ಸಹಜ. ಗುಳೆ ಹೋದವರ ಬದುಕಿನಲ್ಲಿ ನಿದ್ದೆಗೇಡು, ಅರೆಹೊಟ್ಟೆ, ಇಕ್ಕಟ್ಟಿನ ಶೆಡ್ಡು, ಸಾಲದ ಚಿಂತೆ ಎಲ್ಲವೂ ಒಟ್ಟಿಗೆ ಇರುತ್ತವೆ. ಎದೆಯೊಳಗೆ ಮಲಗಿದ್ದ ಕ್ಷಯದ ಬ್ಯಾಕ್ಟೀರಿಯಾ ಏಳಲು ಇದಕ್ಕಿಂತ ಹೆಚ್ಚೇನೂ ಬೇಡ.

ರೈತ: ಮುಂಬೈಯಿಂದ ಬಂದ ಹುಡುಗರು ಕೆಮ್ಮತಾರ. ಮನ್ಯಾಗ ಅಮೃತಬಳ್ಳಿ ಕಷಾಯ ಕುಡಿಸ್ತಾರ. ತಪ್ಪೇನ್ರಿ?

ವೈದ್ಯೆ: ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫದ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕ್ಷಯವೆಂದಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಆ ಮಾತ್ರೆಗಳಲ್ಲಿ ಮೂರು ಯಕೃತ್ತಿನ ಮೇಲೆ ಭಾರ ಹಾಕುವಂಥವು. ಅದರ ಮೇಲೆ ಅಮೃತಬಳ್ಳಿ, ಅಶ್ವಗಂಧ ಸೇರಿಸಿ ಕಾಮಾಲೆ ಬಂದರೆ ಯಾವುದರಿಂದ ಬಂತೆಂದು ಹೇಳಲಾಗದು. ವೈದ್ಯರು ಎಲ್ಲವನ್ನೂ ನಿಲ್ಲಿಸಬೇಕಾಗುತ್ತದೆ, ಕ್ಷಯದ ಮಾತ್ರೆಯನ್ನೂ. ಆದ್ದರಿಂದ ಆ ಆರು ತಿಂಗಳು ಕಷಾಯ ಬಂದ್. ಜೋಳದ ರೊಟ್ಟಿ, ತೊಗರಿಬೇಳೆ, ತತ್ತಿ, ಶೇಂಗಾ ಕೊಡಲಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆಂದು ತಿಂಗಳಿಗೆ ರೂ. 1000 ಬರುತ್ತದೆ, 2018ರಲ್ಲಿ 500 ಇದ್ದದ್ದನ್ನು 2024ರ ನವೆಂಬರಿನಿಂದ ಏರಿಸಿದ್ದಾರೆ.

ರೈತ: ಕೈಗೆ ಕೊಡ್ತಾರೋ, ಬ್ಯಾಂಕಿಗೆ ಹಾಕ್ತಾರೋ?

ವೈದ್ಯೆ: ನೇರ ಬ್ಯಾಂಕಿಗೆ. ಹುಡುಗನ ಹೆಸರನ್ನು ಆಸ್ಪತ್ರೆಯಲ್ಲಿ ಬರೆಸುವಾಗಲೇ ಪಾಸ್‌ಬುಕ್ ಜೊತೆಗೆ ಒಯ್ಯಲಿ.